ಮೆರುಗು ಸವೆದ ಪೆಟ್ಟಿಗೆ

ಹೊಗೆಯನ್ನು ಮೊದಲು ಕಂಡವನು ನಾನೇ.

ಅಂಗಡಿಯಲ್ಲಿ ಕೂತು ಯಾರದೋ ಕನ್ನಡಕದ ತಿರುಪು ಬಿಗಿ ಮಾಡುತ್ತಿದ್ದೆ. ಎದುರು ಮಹಡಿಯ ಕಿಟಕಿಯಿಂದ ಬೂದು ಬಣ್ಣದ್ದೇನೋ ಹೊರಗೆ ತೇಲಿತು. ಪರದೆ ಹಾರುತ್ತಿದೆ ಅಂದುಕೊಂಡೆ. ಊರಿಗೆಲ್ಲ ಕನ್ನಡಕ ಮಾರುವವನು ನಾನು. ನನ್ನದನ್ನು ಹಣೆಯಿಂದ ಮೂಗಿಗೆ ಇಳಿಸಿದ ಮೇಲೆ ಗೊತ್ತಾಯಿತು — ಪರದೆಯಲ್ಲ, ಹೊಗೆ.

ರಸ್ತೆ ದಾಟಿ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿಂದ ಹೆಂಗಸಿನ ಕೂಗು. ಬಾಗಿಲು ಹಾರುಹೊಡೆದಿತ್ತು. ಆ ಮನೆಯ ತಾತನ ಆರೈಕೆಗೆಂದು ಬರುವಾಕೆ ಅವರ ಎರಡೂ ಕಂಕುಳಿಗೆ ಕೈ ಕೊಟ್ಟು ಹೊಸ್ತಿಲಿನತ್ತ ಎಳೆಯುತ್ತಿದ್ದಳು. ಅವಳ ಒಂದು ತೋಳು ಸುಟ್ಟು ಬಟ್ಟೆ ಚರ್ಮಕ್ಕೆ ಅಂಟಿತ್ತು. ಒಳಕೋಣೆಯಿಂದ ಆ ಮನೆಯ ಅಳಿಯ ಬನಿಯನ್‌ನಲ್ಲೇ ಎದ್ದು ಬಂದ; ಎಲ್ಲಿದ್ದೇನೆ ಅನ್ನುವುದೇ ಅವನಿಗಿನ್ನೂ ತಿಳಿದಂತಿರಲಿಲ್ಲ. ಮೂಲೆಯಲ್ಲಿ ತಾತನ ಹಳೆಯ ವಾಲ್ವ್ ರಿಸೀವರ್ — ರೇಡಿಯೊ, ಸ್ಟೀರಿಯೊ ಎಲ್ಲ ಒಂದರಲ್ಲೇ ಇರುವ ಮರದ ಸೆಟ್ಟು — ನೀರು ತೊಟ್ಟಿಕ್ಕುತ್ತ ಹಬೆಯಾಡುತ್ತಿತ್ತು. ಕೆಳಗೆ ಉರುಳಿದ ಪ್ಲಾಸ್ಟಿಕ್ ಜಗ್ಗು. ಡಾಂಬರು ಕಾಸಿದಂಥ ವಾಸನೆ.

ತಾತನಿಗೆ ಉಸಿರಿತ್ತು. ಮೂವರೂ ಸೇರಿ ಕೆಳಗಿಳಿಸಿದೆವು. ಆಂಬುಲೆನ್ಸಿನಲ್ಲಿ ಅಳಿಯ, ಆರೈಕೆಯಾಕೆ ಇಬ್ಬರೂ ಹೋದರು. ಬೀಗದ ಕೈ ಹಿಡಿದು ನಾನು ಬಾಗಿಲಲ್ಲಿ ಕಾವಲು ನಿಂತೆ. ತಾತನ ಮಗಳು ಶಾಲೆಯಿಂದ ಓಡೋಡಿ ಬಂದಳು. ಟೀಚರು, ಬೆರಳಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಹಾಗೇ ಇತ್ತು. ಜೀವಕ್ಕೇನೂ ಆಗಿಲ್ಲ ಅಂದೆ. ಅವಳ ಕಣ್ಣು ನನ್ನನ್ನು ದಾಟಿ ಕೋಣೆಯೊಳಗೆ ಹೋಗಿತ್ತು.

"ನೀವು ಹೋಗಿ ಅಣ್ಣಾ. ಕಿಟಕಿ ತೆಗೆದಿಟ್ಟು, ಬೀಗ ಹಾಕ್ಕೊಂಡು ನಾನೂ ಆಸ್ಪತ್ರೆಗೆ ಹೋಗ್ತೀನಿ."

ಕೀಲಿ ಕೊಟ್ಟು ಇಳಿದು ಬಂದೆ. ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ.

ಮರುದಿನ ಅಂಗಡಿ ತೆರೆದಾಗ ಬಾಗಿಲಲ್ಲಿ ಆರೈಕೆಯಾಕೆ ನಿಂತಿದ್ದಳು. ತೋಳಿಗೆ ಬ್ಯಾಂಡೇಜು. ಬಂದದ್ದು ಕನ್ನಡಕಕ್ಕಲ್ಲ, ನನ್ನ ದೊಡ್ಡಮ್ಮನನ್ನು ಕಾಣಲು.

ದೊಡ್ಡಮ್ಮನ ವಿಷಯ ಹೇಳಬೇಕು. ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತಳಾದವಳು. ಈಗ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಮೊಣಕಾಲು ಕೈಕೊಟ್ಟಿದೆ. ನಾಲಿಗೆ ಕೈಕೊಟ್ಟಿಲ್ಲ. ಹೆತ್ತವರಿಟ್ಟ ಹೆಸರಿದ್ದರೂ ನನ್ನನ್ನು 'ಗಾಜು' ಎಂದೇ ಕರೆಯುತ್ತಾಳೆ. ಗಿರಾಕಿಗಳ ಮುಂದೆಯೂ.

ಆರೈಕೆಯಾಕೆ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದಳು. ಅವಳನ್ನು ಕೆಲಸಕ್ಕೆ ಕಳಿಸುವ ಕಚೇರಿಗೆ ಟೀಚರು ಫೋನು ಮಾಡಿದ್ದಾರೆ: ಇವಳು ಓಡುತ್ತಿದ್ದ ಸೆಟ್ಟಿನ ಮೇಲೆ ನೀರು ಚೆಲ್ಲಿದಳು, ಅದಕ್ಕೇ ಬೆಂಕಿ ಹತ್ತಿತು ಅಂತ. ಕಚೇರಿಯವರು ಸಂಜೆ ಮನೆಗೇ ಬಂದು ವಿಚಾರಿಸುತ್ತಾರಂತೆ. ಹೌದು ಅಂತಾದರೆ ಇವಳ ಹೆಸರು ತೆಗೆದುಹಾಕುತ್ತಾರೆ.

"ಬೆಂಕಿ ಹಚ್ಚಿದವಳು ಅಂತ ಒಂದ್ಸಲ ಹೆಸರು ಬಂದ್ರೆ ಇನ್ಯಾರು ನನ್ನ ಮನೆಯೊಳಗೆ ಬಿಟ್ಕೋತಾರೆ? ನಂಗೆ ಬರೋದು ಇದೊಂದೇ ಕೆಲಸ ಅಮ್ಮಾ."

"ನೀರು ಹಾಕಿದ್ದು ಹೌದೋ ಅಲ್ವೋ?"

"ಹೌದು. ಬೆಂಕಿ ಕಂಡ ಮೇಲೆ. ಮೊದಲು ಪ್ಲಗ್ಗು ಕಿತ್ತೆ, ಆಮೇಲೆ ಹಾಕಿದೆ."

"ಮೊದಲೇ ಹಾಕಲಿಲ್ಲ ಅನ್ನೋದಕ್ಕೆ ಸಾಕ್ಷಿ ಯಾರು?"

"ನಾನೇ."

"ನೀನು ಸಾಕ್ಷಿ ಅಲ್ಲಮ್ಮ, ಆರೋಪಿ," ಅಂದಳು ದೊಡ್ಡಮ್ಮ. ನಿಷ್ಠುರವಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. "ಬೆಂಕಿ ಹತ್ತಿದಾಗ ಎಲ್ಲಿದ್ದೆ?"

ಹಿತ್ತಿಲ ಕಡೆಯ ಬಾಲ್ಕನಿಯಲ್ಲಿ ಹೊದಿಕೆ ಒಣಗಿಸುತ್ತಿದ್ದಳಂತೆ. ಕೆಳಗೆ ನೀರಿನ ಪಂಪು ಗುರ್ ಅನ್ನುತ್ತಿತ್ತು, ಬೇರೇನೂ ಕೇಳುವ ಹಾಗಿರಲಿಲ್ಲ. ಊಟವಾದ ಮೇಲೆ ತಾತ ತಾನೇ ಸೆಟ್ಟು ಹಾಕಿಕೊಳ್ಳುತ್ತಾರೆ, ಬೇರೆಯವರು ಮುಟ್ಟುವಂತಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ಸ್ಪೀಕರ್ ಪೆಟ್ಟಿಗೆಗೆ ಆತುಕೊಂಡುಬಿಡುತ್ತಾರೆ. "ಬೆನ್ನಿಗೆ ಆಸರೆ ಬೇಕಲ್ಲ ಪಾಪ. ಕುರ್ಚಿ ತಂದುಕೊಟ್ರೆ ಬೇಡ ಅಂತಾರೆ."

"ತಾತನಿಗೆ ಕಿವಿ ಎಷ್ಟು ಕೇಳುತ್ತೆ?"

"ಏನೂ ಇಲ್ಲ. ಪಕ್ಕದಲ್ಲಿ ತಟ್ಟೆ ಬಿದ್ರೂ ತಿರುಗಲ್ಲ. ನಾವೆಲ್ಲ ಸ್ಲೇಟಲ್ಲಿ ಬರೆದೇ ಮಾತಾಡೋದು."

ದೊಡ್ಡಮ್ಮ ಗೋಡೆ ಹಿಡಿದು ಎದ್ದಳು. "ಕೇಳದವರು ದಿನಾ ಅದನ್ನ ಯಾಕೆ ಹಾಕ್ಕೋತಿದ್ರು? — ಗಾಜು, ಅಂಗಡಿ ಮುಚ್ಚು."

ತಾತನನ್ನು ಬೀದಿಯವರೆಲ್ಲ 'ಸೌಂಡ್ ತಾತ' ಅನ್ನುತ್ತಿದ್ದೆವು. ದೊಡ್ಡ ಸಭಾಂಗಣವೊಂದರಲ್ಲಿ ಮೈಕು, ಧ್ವನಿ ನೋಡಿಕೊಳ್ಳುವ ಕೆಲಸದಲ್ಲಿ ತಲೆ ಬೆಳ್ಳಗಾದವರು. ಆ ರಿಸೀವರ್ ಟೀಚರಿಗಿಂತ ಮೊದಲೇ ಮನೆಗೆ ಬಂದದ್ದು. ಅದಕ್ಕೆ ಮನೆಯಲ್ಲಿ 'ಹಿರೀಮಗ' ಅಂತಲೇ ಹೆಸರು. ಈಚೆಗೆ ಕಿವಿ ಪೂರ್ತಿ ಹೋದ ಮೇಲೂ ಮಧ್ಯಾಹ್ನದ ಹಾಡು ನಿಂತಿರಲಿಲ್ಲ. ಅಭ್ಯಾಸಬಲ ಎಂದು ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು.

ನಾವು ಹೋದಾಗ ರೇಡಿಯೊ ರಿಪೇರಿಯವನು ಆಗಲೇ ಸೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಯಾವಾಗಲೂ ಮೈಯಲ್ಲಿ ಬೆಸುಗೆಯ ವಾಸನೆ, ಅದಕ್ಕೇ ಬೆಸುಗೆಯಣ್ಣ. ಟೀಚರೇ ಕರೆಸಿದ್ದಳು. ನೀರಿನಿಂದ ಹೋಯಿತು ಎಂದು ಅವನ ಬಾಯಲ್ಲೂ ಬರಲಿ ಅಂತ ಇರಬೇಕು.

ದೊಡ್ಡಮ್ಮನನ್ನು ಕಂಡು ಟೀಚರಿನ ಮುಖ ಬಿಗಿಯಿತು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದ ಕಣ್ಣು. ಆದರೂ ಒಳಗೆ ಕರೆದಳು, ನೀರು ಕೊಟ್ಟಳು. ಆರೈಕೆಯಾಕೆಯತ್ತ ಮಾತ್ರ ನೋಡಲಿಲ್ಲ.

ದೊಡ್ಡಮ್ಮ ಮುಟ್ಟದೆ ನೋಡುತ್ತ ಹೋದಳು. ಸೆಟ್ಟಿನ ಮುಂದೆ ಬಂಗಾರ ಬಣ್ಣದ ಫಲಕ, ಅದರ ಹಿಂದೆ ಗಾಜಿನ ಬುರುಡೆಗಳಂಥ ವಾಲ್ವುಗಳು. ಮೇಲೆಲ್ಲ ಮಸಿ. ಆ ಮಸಿಯ ಮೇಲೆ ನೀರು ಇಳಿದ ಗೆರೆಗಳು, ಕೊಳೆಗನ್ನಡಿಯ ಮೇಲೆ ಬೆರಳೆಳೆದ ಹಾಗೆ. ಆಚೆ ಈಚೆ ಎರಡು ಸ್ಪೀಕರ್ ಪೆಟ್ಟಿಗೆ, ಬಾಗಿಲ ಮರದಂಥ ಗಟ್ಟಿ ಮರದವು. ಬಲಗಡೆಯದರ ಪಕ್ಕದಲ್ಲಿ ತಾತನ ಸ್ಟೂಲು. ಆ ಪೆಟ್ಟಿಗೆಯ ಬದಿಯನ್ನು ದೊಡ್ಡಮ್ಮ ಬಗ್ಗಿ ತುಂಬ ಹೊತ್ತು ನೋಡಿದಳು. ಅಲ್ಲಿ ಒಂದೇ ಕಡೆ ಮೆರುಗು ಹೋಗಿ ಮರ ಬಿಳಚಿಕೊಂಡಿತ್ತು. ಹಳೇ ಪೆಟ್ಟಿಗೆ, ಮೆರುಗು ಹೋಗದೆ ಇರುತ್ತದೆಯೆ? ನಾನು ಅದನ್ನು ನೋಡಿಯೂ ನೋಡಲಿಲ್ಲ.

"ಏನು ಹೋಗಿದೆ ಇದರಲ್ಲಿ?"

ಬೆಸುಗೆಯಣ್ಣ ಒಳಗೆ ಟಾರ್ಚು ಬಿಟ್ಟ. ಸ್ಪೀಕರಿಗೆ ಧ್ವನಿ ಕಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ಎರಡೂ ಸುಟ್ಟು ಕರಕಲಾಗಿವೆ ಅಂದ. "ಸ್ಪೀಕರ್ ಬಿಚ್ಚಿಟ್ಟು ಧ್ವನಿ ಏರಿಸಿದ್ರೆ ಈ ಜಾತಿ ಸೆಟ್ಟು ಹೀಗಾಗುತ್ತೆ. ಬಂದ ಶಕ್ತಿಗೆ ಹೋಗೋಕೆ ದಾರಿ ಇರಲ್ಲ, ಒಳಗೇ ತಿರುಗಿ ಸುಡುತ್ತೆ. ಆದ್ರೆ ಇಲ್ಲಿ ಸ್ಪೀಕರ್ ಹಾಕೇ ಇದೆಯಲ್ಲ. ಹಾಗಾಗಿ ನೀರೇ ಇರಬಹುದು."

ಹಿಂದುಗಡೆ ನೋಡಿ ಅವನು ನಕ್ಕ. "ಹಾಕಿರೋ ಚಂದ ನೋಡಿ. ಎಡ ಅಂತ ಬರೆದಲ್ಲಿಗೆ ಬಲದ ವೈರು, ಬಲ ಅಂತ ಬರೆದಲ್ಲಿಗೆ ಎಡದ್ದು. ಓದೋಕೂ ಬರಲ್ವೇನೋ ಹಾಕಿದವ್ರಿಗೆ."

"ಆ ತಿರುಪು ಸಡಿಲ ಮಾಡಿ ಒಂದು ವೈರು ಎತ್ತು," ಅಂದಳು ದೊಡ್ಡಮ್ಮ. ಎತ್ತಿದ. ಅವಳು ಕಣ್ಣು ಕಿರಿದು ಮಾಡಿ ನೋಡಿ, ನನ್ನನ್ನೂ ಕರೆದು ತೋರಿಸಿ, ಮತ್ತೆ ಹಾಗೇ ಇಡಿಸಿದಳು. ಏನು ಕಂಡೆ? ಮಸಿ. ಎಲ್ಲ ಕಡೆ ಇದ್ದ ಹಾಗೆ ಅಲ್ಲೂ ಮಸಿ. ಇದರಲ್ಲೇನು ವಿಶೇಷ?

ಧ್ವನಿ ಏರಿಸುವ ಗುಂಡಿಯ ಮೇಲೊಂದು ಬಿಳಿ ಚುಕ್ಕೆಯಿತ್ತು, ಫಲಕದ ಮೇಲೊಂದು ಬಿಳಿ ಗೆರೆ. ಚುಕ್ಕೆ ಗೆರೆಯನ್ನು ದಾಟಿ ಕೊನೆಯವರೆಗೂ ಹೋಗಿ ನಿಂತಿತ್ತು.

"ಅದು ಅಪ್ಪನ ಲಕ್ಷ್ಮಣರೇಖೆ," ಅಂದಳು ಟೀಚರು. "ಅದರಾಚೆ ತಿರುಗಿಸಿದ್ರೆ ಧ್ವನಿ ಒಡೆಯುತ್ತೆ ಅಂತ ನಂಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ಕಿವಿ ಇಲ್ವಲ್ಲ, ಏರಿಸಿರ್ತಾರೆ."

"ದಿನಾ ಏರಿಸ್ತಿದ್ರಾ?"

ಉತ್ತರ ಆರೈಕೆಯಾಕೆಯಿಂದ ಬಂತು. "ಇಲ್ಲ ಅಮ್ಮಾ. ದಿನಾ ಚುಕ್ಕೆ ಗೆರೆಗೇ ಸರಿಯಾಗಿ ನಿಲ್ಲಿಸ್ತಿದ್ರು. ಆ ಫಲಕ ಒರೆಸೋಳು ನಾನು."

ಟೀಚರು ತುಟಿ ಕಚ್ಚಿಕೊಂಡಳು. ಗೋಡೆಯ ಮೇಲಿನ ಫೋಟೊ ಯಾರದು ಎಂದು ದೊಡ್ಡಮ್ಮ ಮಾತು ಬದಲಿಸಿದಳು. ಅದರಲ್ಲಿ ವಾದ್ಯದವರ ಬೆನ್ನುಗಳು, ಈಚೆಗೆ ಗುಂಡಿಗಳ ಮೇಜು, ಮೇಜಿನ ಮುಂದೆ ಕಪ್ಪು ಕೂದಲಿನ ತಾತ. ಮೇಜಿನ ಕೆಳಗೆ ಟಾರ್ಚು ಹಿಡಿದ ಪುಟ್ಟ ಹುಡುಗಿ.

"ಅದು ನಾನೇ." ಮೊದಲ ಸಲ ಅವಳ ಮುಖ ಸಡಿಲಾಯಿತು. "ಅಮ್ಮ ಇರಲಿಲ್ಲ, ಬಿಟ್ಟು ಹೋಗೋಕೆ ಜಾಗ ಇರಲಿಲ್ಲ. ಆ ಸಭಾಂಗಣದಲ್ಲಿ ಅಪ್ಪನ ಮೇಜು ವೇದಿಕೆಯ ಹಿಂದಿತ್ತು. ಎಲ್ಲರಿಗೂ ಪಿಟೀಲು ಎಡಗಡೆ ಕೇಳಿದ್ರೆ ನಮಗೆ ಬಲಗಡೆ. ಲೋಕ ಎಲ್ಲ ಮುಂದಿಂದ ಕೇಳುತ್ತೆ, ನಾವಿಬ್ರೇ ಹಿಂದಿಂದ ಕೇಳೋರು ಅಂತಿದ್ರು."

ಅಷ್ಟರಲ್ಲಿ ಅಳಿಯ ಆಸ್ಪತ್ರೆಯಿಂದ ಬಂದ. ಬ್ರೆಡ್ಡಿನ ಕಾರ್ಖಾನೆಯಲ್ಲಿ ಒಲೆಯ ಮುಂದೆ ರಾತ್ರಿಪಾಳಿ. ಹಗಲೇ ಅವನ ನಿದ್ದೆ. ಬಲಗೈಯ ಮೇಲೆ ಹೊಸದಾಗಿ ಮಾಯುತ್ತಿದ್ದ ಸುಟ್ಟ ಗಾಯ. ಅದೇನೆಂದು ಕೇಳಿದ್ದಕ್ಕೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿದೆ ಅಂದ. ಆ ಸೆಟ್ಟಿನಿಂದ ಮಧ್ಯಾಹ್ನವೆಲ್ಲ ಮಂಚ ಅದುರುತ್ತಿತ್ತಂತೆ. ಹತ್ತಿ ಇಟ್ಟುಕೊಂಡರೂ, ದಿಂಬು ಮುಚ್ಚಿಕೊಂಡರೂ ಅಷ್ಟೆ. ಹೆಂಡತಿಯ ಹತ್ತಿರ ಜಗಳವಾಡಿದ್ದೂ ಉಂಟು.

"ಮಾವನ ಮೇಲೆ ನಂಗೆ ಸಿಟ್ಟಿಲ್ಲ. ನಿದ್ದೆಯಿಲ್ಲದೆ ಇನ್ನೊಂದಿನ ಒಲೆಯೊಳಗೇ ಬೀಳ್ತೀನಿ ಅಂತ ಹೇಳಿದ್ದು ನಿಜ."

"ನಿನ್ನೆ ಎಚ್ಚರ ಆಗಿದ್ದು ಯಾವಾಗ?"

"ಮಾವನ್ನ ನೋಡಿಕೊಳ್ಳೋ ಇವಳು ಕೂಗಿದಾಗ. ಅಲ್ಲಿವರೆಗೂ..." ಅವನು ತಲೆ ತಗ್ಗಿಸಿದ. "ಹೇಳೋಕೂ ನಾಚಿಕೆ. ಎಷ್ಟೋ ದಿನದ ಮೇಲೆ ಹೆಣದ ಹಾಗೆ ಮಲಗಿದ್ದೆ. ಆಚೆ ಅವರು ಹೊಗೇಲಿ ಬಿದ್ದಿದ್ದಾಗ."

ದೊಡ್ಡಮ್ಮ ಅವನ ಹೆಗಲು ತಟ್ಟಿ, ನನ್ನತ್ತ ತಿರುಗಿ ಆಸ್ಪತ್ರೆಗೆ ಹೋಗೋಣ ಅಂದಳು.

ತಾತ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು. ಹುಬ್ಬು, ಮುಂಗೂದಲು ಸೀದಿದ್ದವು. ಮನಸ್ಸಿಗೆ ನೋವಾಗುವ ಮಾತು ಬೇಡವೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ದೊಡ್ಡಮ್ಮ ಸ್ಲೇಟಿನ ಮೇಲೆ ಒಂದೇ ಪ್ರಶ್ನೆ ಬರೆದಳು: ಸೆಟ್ಟಿನ ಹಿಂದೆ ಬಗ್ಗಿ ಏನು ನೋಡಿದಿರಿ?

ತಾತ ಓದಿದರು. ಅವಳ ಮುಖ ನೋಡಿದರು. ಬಳಪಕ್ಕೆ ಕೈ ಚಾಚಲಿಲ್ಲ. ಅಂಗೈಯಿಂದ ಸ್ಲೇಟನ್ನು ಒರೆಸಿಬಿಟ್ಟರು.

"ಹಳೇದು. ಹೋಯ್ತು," ಅಂದರು. ತಮಗೇ ಕೇಳದ, ಏರಿಳಿತವಿಲ್ಲದ ದನಿ.

ಹೊರಗೆ ಬಂದ ಮೇಲೆ ದೊಡ್ಡಮ್ಮ ಕಾರಿಡಾರಿನ ಬೆಂಚಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಳು. "ಅವ್ರಿಗೆ ಗೊತ್ತು ಕಣೋ," ಅಂದಳು. "ನೋಡಿಕೊಳ್ಳೋಳ ಮೇಲೆ ಗೂಬೆ ಕೂರಿಸಿದಾರೆ ಅನ್ನೋದು ಮಾತ್ರ ಗೊತ್ತಿಲ್ಲ."

"ಏನು ಗೊತ್ತು?"

"ಯಾರು ಅಂತ."

ಸಂಜೆಯ ಬಿಸಿಲು ಕಿಟಕಿಯಿಂದ ಸೆಟ್ಟಿನ ಮೇಲೆ ಓರೆಯಾಗಿ ಬಿದ್ದಿತ್ತು. ಕಚೇರಿಯವರು ಇನ್ನೂ ಬಂದಿರಲಿಲ್ಲ. ಟೀಚರು, ಅಳಿಯ, ಆರೈಕೆಯಾಕೆ, ಬೆಸುಗೆಯಣ್ಣ, ನಾನು. ದೊಡ್ಡಮ್ಮ ತಾತನ ಸ್ಟೂಲಿನಲ್ಲೇ ಕೂತಳು.

"ಮೊದಲು ನೀರಿನ ಮಾತು. ನೀರಿನ ಗೆರೆ ಮಸಿಯನ್ನ ಕೊಯ್ದುಕೊಂಡು ಇಳಿದಿದೆ. ನೀರು ಮೊದಲು ಬಿದ್ದಿದ್ರೆ ಅದರ ಮೇಲೂ ಮಸಿ ಕೂರಬೇಕಿತ್ತು. ಕೂತಿಲ್ಲ. ಬೆಂಕಿ ಮೊದಲು, ನೀರು ಆಮೇಲೆ. ಇವಳು ಹೇಳಿದ್ದು ನಿಜ."

ಆರೈಕೆಯಾಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹಾಗಾದ್ರೆ ಬೆಂಕಿ ಯಾಕೆ ಹತ್ತಿತು?" ಕೇಳಿದ ಬೆಸುಗೆಯಣ್ಣ.

"ನೀನೇ ಹೇಳಿದೆಯಲ್ಲಪ್ಪ, ಹೇಳಿ ನೀನೇ ಬಿಟ್ಟುಬಿಟ್ಟೆ. ಸ್ಪೀಕರಿನ ವೈರು ಬಿಚ್ಚಿತ್ತು. ಎತ್ತಿ ನೋಡಿದಾಗ ವೈರಿನ ಕೆಳಗೆ ಏನಿತ್ತು ಗಾಜು?"

"ಮಸಿ."

"ವೈರು ಬಿಗಿಯಾಗಿ ಕೂತಿದ್ರೆ ಅದರಡಿಗೆ ಮಸಿ ನುಗ್ಗುತ್ತಾ? ಹೊಗೆ ಬಂದಾಗ ವೈರು ಅಲ್ಲಿರಲಿಲ್ಲ. ಹೊಗೆ ಹೋದ ಮೇಲೆ ಯಾರೋ ಮತ್ತೆ ಸಿಕ್ಕಿಸಿದಾರೆ." ಅವಳು ಅಳಿಯನ ಕಡೆ ನೋಡಿದಳು. "ನಿನ್ನ ನಿದ್ದೇನೂ ಅದನ್ನೇ ಹೇಳುತ್ತೆ. ಮಂಚ ಅದುರಿಸೋ ಸೆಟ್ಟು ನಿನ್ನೆ ಪೂರ್ತಿ ಏರಿಸಿಟ್ಟಿತ್ತು. ನೀನು ಹೆಣದ ಹಾಗೆ ಮಲಗಿದ್ದೆ. ಸದ್ದೇ ಇರಲಿಲ್ಲ."

ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. "ನಾನು ಬಿಚ್ಚಿಲ್ಲ ದೊಡ್ಡಮ್ಮ. ಅದರ ಹಿಂದುಮುಂದು ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದೇ ನಿನ್ನ ಪರವಾಗಿದೆ. ವೈರು ಸಿಕ್ಕಿಸಿದೋರು ಎಡ ಬಲ ಅದಲುಬದಲು ಮಾಡಿದಾರೆ. ಓದೋಕೆ ಬರದೆ ಅಲ್ಲ. ನೀನಾಗಿದ್ರೆ ಬರೆದಿದ್ದು ನೋಡಿ ಹಾಕ್ತಿದ್ದೆ, ಇವಳಾಗಿದ್ರೆ ಹತ್ತಿರದ್ದಕ್ಕೆ ಹತ್ತಿರದ್ದು ಹಾಕ್ತಿದ್ದಳು. ಮನೇಲೂ ಪಿಟೀಲು ಬಲಗಡೆಯೇ ಕೇಳಲಿ ಅಂತ ತಾತ ಮೊದಲಿಂದ ಹಾಗೇ ಹಾಕಿರ್ತಾರೆ. ಅಡ್ಡ ಹಾಯಿಸಿ ಹಾಕಬೇಕು ಅಂತ, ಅಂಥ ಅವಸರದಲ್ಲೂ ಯಾರಿಗೆ ನೆನಪಿರುತ್ತೆ? ಪಿಟೀಲನ್ನ ಬಲಗಡೆ ಕೇಳಿ ಬೆಳೆದೋರಿಗೆ. ಈ ಮನೇಲಿ ಹಿಂದಿಂದ ಕೇಳೋರು ಇಬ್ಬರೇ. ಒಬ್ಬರು ಆಗ ಆಂಬುಲೆನ್ಸಲ್ಲಿದ್ರು."

ಕೀಲಿಯನ್ನು ನನ್ನ ಕೈಯಾರೆ ಅವಳಿಗೆ ಕೊಟ್ಟದ್ದು ನನಗೆ ಆಗ ನೆನಪಾಯಿತು.

ಟೀಚರು ನಿಂತಲ್ಲೇ ಗೋಡೆಗೆ ಒರಗಿದಳು. "ಸುಡುತ್ತೆ ಅಂತ ಗೊತ್ತಿರಲಿಲ್ಲ," ಅಂದಳು. "ಒಲೆಗೆ ಬೀಳ್ತೀನಿ ಅಂದ್ರು ಇವರು. ನಿನ್ನೆ ಶಾಲೆಗೆ ಹೋಗೋ ಮುಂಚೆ ಬಿಚ್ಚಿಟ್ಟೆ, ಸಂಜೆ ಬಂದು ಹಾಕೋಣ ಅಂತ. ಅಪ್ಪಂಗೆ ಹೇಗೂ ಕೇಳಲ್ಲ. ದೀಪ ಹತ್ತಿದ್ರೆ ಸಾಕು, ಹಾಡ್ತಿದೆ ಅಂದ್ಕೋತಾರೆ ಅಂತ... ಬಂದು ನೋಡಿದ್ರೆ ವೈರು ನೇತಾಡ್ತಿತ್ತು, ಹಿಂದೆಲ್ಲ ಕಪ್ಪು. ನನ್ನ ಕೈ ತಾನಾಗೇ ಹಾಕ್ತು. ಅಪ್ಪನ್ನ ನಾನೇ ಸುಟ್ಟೆ ಅಂತ ಹೇಗೆ ಹೇಳಲಿ?"

"ಅದಕ್ಕೇ ಅವರನ್ನ ಹೊಗೆಯಿಂದ ಎಳೆದು ತಂದವಳ ಹೆಸರು ಹೇಳಿದೆ ನೀನು," ಅಂದಳು ದೊಡ್ಡಮ್ಮ.

ಟೀಚರು ಆಗ ಮೊದಲ ಸಲ ಆರೈಕೆಯಾಕೆಯತ್ತ ನೋಡಿದಳು.

"ಇನ್ನೊಂದು ಉಳಿದಿದೆ," ಅಂದಳು ದೊಡ್ಡಮ್ಮ, ದನಿ ತಗ್ಗಿಸಿ. "ಗೆರೆ ದಾಟದವರು ನಿನ್ನೆ ಯಾಕೆ ದಾಟಿದ್ರು? ಬಾ ಇಲ್ಲಿ. ಈ ಸವೆದ ಜಾಗದ ಮೇಲೆ ಕೈ ಇಡು."

ಟೀಚರು ಬಂದು ಇಟ್ಟಳು. ಓರೆ ಬಿಸಿಲಿನಲ್ಲಿ ಆಗ ನನಗೂ ಕಂಡಿತು. ಬಿಳಚಿಕೊಂಡದ್ದು ಸುಮ್ಮನೆ ಒಂದು ಕಲೆಯಲ್ಲ. ಒಂದು ಅಂಗೈ, ಅಗಲಿಸಿದ ಐದು ಬೆರಳು. ಅವಳ ಕೈಗಿಂತ ತುಸು ದೊಡ್ಡದು. ಕನ್ನಡಕ ಹಾಕಿಕೊಂಡೇ ನಾನು ಕಾಣದೆ ಹೋದದ್ದು.

"ಬೆನ್ನಿಗೆ ಆಸರೆ ಅಲ್ಲ ಇದು. ನಿಮ್ಮಪ್ಪ ಕೇಳ್ತಿದ್ರು. ಕಿವಿ ಹೋದ ಮೇಲೆ ಅಂಗೈಲಿ ಕೇಳ್ತಿದ್ರು. ನಿನ್ನೆ ಕೈ ಇಟ್ರೆ ಮರ ಸತ್ತಿತ್ತು. ದೀಪ ಇದೆ, ಅದುರು ಇಲ್ಲ. ಕೈಯೂ ಕಿವುಡಾಯ್ತೇನೋ ಅಂದ್ಕೊಂಡಿರಬೇಕು ಪಾಪ. ಏರಿಸ್ತಾ ಹೋದ್ರು, ಕೊನೇವರೆಗೂ. ಆಮೇಲೆ ಹಿಂದೆ ಬಗ್ಗಿ ನೋಡಿದ್ರು, ಸೀದ ಹುಬ್ಬೇ ಅದನ್ನ ಹೇಳುತ್ತೆ. ಬಿಚ್ಚಿದ ವೈರು ಕಂಡಾಗಲೇ ಹೊಗೆ ಮುಖಕ್ಕೆ ಹೊಡೀತು. ಯಾರ ಕೈ ಅಂತ ಅವ್ರಿಗೆ ಆಗಲೇ ತಿಳೀತು. ಇವತ್ತು ನಾನು ಕೇಳಿದ್ರೆ ನಿನ್ನ ಹೆಸರು ಹೇಳದೆ ಸ್ಲೇಟು ಒರೆಸಿಬಿಟ್ರು."

ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಕಚೇರಿಯವರು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಟೀಚರು ಹೋಗಿ ಬಾಗಿಲು ತೆಗೆದಳು. ಬಂದವರನ್ನು ಕೂರಿಸಲೂ ಇಲ್ಲ, ಹೊಸ್ತಿಲಲ್ಲೇ ಎಲ್ಲವನ್ನೂ ಹೇಳಿದಳು. ತಾನು ಬಿಚ್ಚಿದ್ದು, ತಾನು ಸಿಕ್ಕಿಸಿದ್ದು, ತಾನು ಸುಳ್ಳು ಹೇಳಿದ್ದು. ಆಮೇಲೆ ಆರೈಕೆಯಾಕೆಯ ಬ್ಯಾಂಡೇಜಿನ ಕೈಯನ್ನು ಹಿಡಿಯಲು ಹೋಗಿ, ಹಿಡಿಯುವ ಧೈರ್ಯವಾಗದೆ ನಿಂತಳು.

"ನಂಗೆ ಈಗ್ಲೇ ಏನೂ ಹೇಳ್ಬೇಡಿ ಟೀಚರೇ," ಅಂದಳು ಆಕೆ. "ತಾತಂಗೆ ಹೇಳಿ. ರಾತ್ರಿ ಮಾತ್ರೆ ನಾನೇ ಬಂದು ಕೊಡ್ತೀನಿ."

ಆಸ್ಪತ್ರೆಗೆ ಟೀಚರಿನ ಜೊತೆ ನಾವೂ ಹೋದೆವು. ತಾತ ಹಾಗೇ ಗೋಡೆಗೆ ಮುಖ ಮಾಡಿದ್ದರು. ದೊಡ್ಡಮ್ಮ ಸ್ಲೇಟು ಚಾಚಿದಳು. ಟೀಚರು ಅದನ್ನು ತೆಗೆದುಕೊಳ್ಳಲಿಲ್ಲ. ಮಂಚದ ಪಕ್ಕ ಕೂತು ಅಪ್ಪನ ಬಲಗೈ ಎತ್ತಿ, ಆ ಅಂಗೈಯನ್ನು ತನ್ನ ಕೊರಳ ಮೇಲೆ ಅಗಲವಾಗಿ ಇಟ್ಟುಕೊಂಡಳು.

"ಅಪ್ಪಾ. ನಾನೇ ಅಪ್ಪಾ ಬಿಚ್ಚಿದ್ದು."

ತಾತ ಮೆಲ್ಲಗೆ ಮುಖ ತಿರುಗಿಸಿದರು. ಅವಳು ಮಾತಾಡುತ್ತಲೇ ಇದ್ದಳು, ಅಳುತ್ತಲೂ ಇದ್ದಳು. ಏನು ಹೇಳುತ್ತಿದ್ದಾಳೆಂಬುದು ನಮಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ತಾತನ ಬೆರಳುಗಳು ಅವಳ ಕೊರಳ ಮೇಲೆ ಒಂದಿಷ್ಟು ಸರಿದವು, ಸರಿಯಾದ ಜಾಗ ಹುಡುಕುವ ಹಾಗೆ, ಆಮೇಲೆ ನಿಂತವು. ಅವರು ಕಣ್ಣು ಮುಚ್ಚಿದರು.

"ಒಡೀತಾ ಇದೆ ಮಗಳೇ," ಅಂದರು. "ಗೆರೆ ದಾಟಿದೆ. ಒಂಚೂರು ಕಡಿಮೆ ಮಾಡ್ಕೊಂಡು ಹೇಳು. ಕೇಳ್ತಿದೀನಿ."